ವಿಯೆಟ್ನಾಂ ಎದ್ದು ನಿಂತದ್ದು ಹೇಗೆ? ಹೋದರೆ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಊರು ಸಕಲೇಶಪುರದ ಹತ್ತಿರ. ನಾವು ಚಿಕ್ಕವರಿದ್ದಾಗ ರೇಡಿಯೋ ವಾರ್ತೆಯಲ್ಲಿ ವಿಯೆಟ್ನಾಂ ಅಂದರೆ ಬಾಂಬು, ಸಾವು, ಸುಟ್ಟ ಊರುಗಳು. ಈಗ ಮಗ, ಸೊಸೆ ಅಲ್ಲಿಗೇ ಪ್ರವಾಸ ಹೋಗೋಣ ಅಂತಿದ್ದಾರೆ. ಅಷ್ಟು ನುಚ್ಚುನೂರಾದ ದೇಶ ಇಷ್ಟು ಬೇಗ ಹೇಗೆ ಎದ್ದು ನಿಂತಿತು? ಜನ ಸತ್ತ ಜಾಗಕ್ಕೆ ನಾವು ನೋಡೋಕೆ ಅಂತ ಹೋಗುವುದು ಸರಿಯಾ? ನಮಗೆ ಹತ್ತು ದಿನ ಇದೆ, ನಾವು ಸಸ್ಯಾಹಾರಿಗಳು. ಏನು ನೋಡಬೇಕು?

ಉತ್ತರ: ಖಂಡಿತ ಹೋಗಿ ಬನ್ನಿ. ಆದರೆ ಪ್ಯಾಕೇಜ್ ಟೂರಿನವರು ತೋರಿಸುವ ವಿಯೆಟ್ನಾಂ ಮಾತ್ರ ನೋಡಿ ಬರಬೇಡಿ. ಅವರು ಉತ್ತರದಲ್ಲಿ ಹನೋಯ್ ಮತ್ತು ಹಾ ಲಾಂಗ್ ಕೊಲ್ಲಿ, ದಕ್ಷಿಣದಲ್ಲಿ ಹೋ ಚಿ ಮಿನ್ ಸಿಟಿ (ಹಳೆ ಹೆಸರು ಸೈಗಾನ್), ಮಧ್ಯದಲ್ಲಿ ಡಾ ನಾಂಗ್‌ನ ಬೆಟ್ಟದ ಮೇಲೆ ಎರಡು ದೊಡ್ಡ ಕೈ ಎತ್ತಿ ಹಿಡಿದ ಆ ಸೇತುವೆ, ಇಷ್ಟು ತೋರಿಸಿ ವಾಪಸ್ ಕಳಿಸುತ್ತಾರೆ. ಆ ಸೇತುವೆ 2018ರಲ್ಲಿ ಕಟ್ಟಿದ್ದು. ಫೋಟೋ ಚೆನ್ನಾಗಿ ಬರುತ್ತೆ, ಅಷ್ಟೇ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ದೇಶದ ಸೊಂಟದಲ್ಲಿ. ಹುಯೆ ನಗರದಿಂದ ಫಾಂಗ್ ನ್ಯಾ ಗುಹೆಗಳವರೆಗಿನ ಕಿರಿದಾದ ಪಟ್ಟಿಯಲ್ಲಿ. ಬಾಂಬು ಅತಿ ಹೆಚ್ಚು ಬಿದ್ದದ್ದು ಅಲ್ಲಿ. ರಿಪೇರಿ ಇನ್ನೂ ನಡೆಯುತ್ತಿರುವುದೂ ಅಲ್ಲೇ.

ನಿಮ್ಮ ಪ್ರಶ್ನೆಯಲ್ಲಿ 'ಇಷ್ಟು ಬೇಗ' ಅಂತ ಕೇಳಿದ್ದೀರಿ. ನಿಜ ಹೇಳಬೇಕಂದರೆ ಬೇಗ ಏನೂ ಆಗಲಿಲ್ಲ. ಯುದ್ಧ ಮುಗಿದದ್ದು 1975ರ ಏಪ್ರಿಲ್ 30ಕ್ಕೆ. ಅವತ್ತು ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂನ ಟ್ಯಾಂಕುಗಳು, ಅಮೆರಿಕದ ಬೆಂಬಲವಿದ್ದ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನಿನಲ್ಲಿ ಅಧ್ಯಕ್ಷರ ಅರಮನೆಯ ಗೇಟು ಮುರಿದು ಒಳಗೆ ನುಗ್ಗಿದವು. ಆಮೇಲಿನ ಹತ್ತು ವರ್ಷ ಜನ ಹಸಿವಿನಲ್ಲೇ ಕಳೆದರು. ಹೊರಗಿನವರಿಗೆ ಈ ಹತ್ತು ವರ್ಷದ ಕಥೆ ಗೊತ್ತೇ ಇಲ್ಲ. ಯುದ್ಧ ಮುಗಿಯಿತು, ಫ್ಯಾಕ್ಟರಿ ಬಂತು, ಟೂರಿಸ್ಟ್ ಬಂದ ಅಂತ ತಿಳಿದಿರುತ್ತಾರೆ.

ರಿಪೇರಿ ಕೆಲಸದಲ್ಲಿ ಅವರು ಗಟ್ಟಿಗರು, ಅದರಲ್ಲಿ ಅನುಮಾನ ಬೇಡ. ರೈಲಿನ ಕಥೆಯನ್ನೇ ನೋಡಿ. ಹನೋಯ್‌ನಿಂದ ಸೈಗಾನಿಗೆ 1,726 ಕಿಲೋಮೀಟರ್ ಹಳಿ. ಆಗ ದೇಶ ಆಳುತ್ತಿದ್ದ ಫ್ರೆಂಚರು 1936ರಲ್ಲಿ ಪೂರ್ತಿ ಮಾಡಿದ್ದರು. 1954ರಲ್ಲಿ ದೇಶ ಎರಡು ಹೋಳಾದಾಗ ಹಳಿಯೂ ಎರಡು ಹೋಳಾಯಿತು. ಆಮೇಲೆ ಎರಡೂ ಕಡೆಯವರು ಸೇತುವೆಗಳನ್ನು ಹುಡುಕಿ ಹುಡುಕಿ ಒಡೆದರು. ಯುದ್ಧ ಮುಗಿದ ಮೇಲೆ 1,300ಕ್ಕೂ ಹೆಚ್ಚು ಸೇತುವೆ, 27 ಸುರಂಗ ಸರಿಮಾಡಿದರು. 1976ರ ಡಿಸೆಂಬರ್ 31ಕ್ಕೆ ಮತ್ತೆ ರೈಲು ಓಡಿತು. ಎರಡು ವರ್ಷವೂ ಹಿಡಿಯಲಿಲ್ಲ! ನೀವು ಈಗ ಅದೇ ಹಳಿಯ ಮೇಲೆ ಹೋಗುತ್ತೀರಿ.

ಆದರೆ ಹೊಟ್ಟೆಯ ವಿಷಯದಲ್ಲಿ ಹಾಗಾಗಲಿಲ್ಲ. ಗೆದ್ದ ಸರ್ಕಾರ ಇಡೀ ದೇಶಕ್ಕೆ ಒಂದೇ ಪದ್ಧತಿ ಹೇರಿತು. ಹೊಲ ಸಹಕಾರ ಸಂಘದ್ದು, ಬೆಳೆ ಸರ್ಕಾರದ್ದು. ರೈತನಿಗೆ ಸಿಗುವುದು ದುಡಿದ ದಿನಕ್ಕೆ ಪಾಯಿಂಟು. ಚೆನ್ನಾಗಿ ಉತ್ತರೂ ಅಷ್ಟೇ, ಸುಮ್ನೆ ನಿಂತು ಬಂದರೂ ಅಷ್ಟೇ. ಪ್ರತಿ ಮನೆಗೆ ಸ್ವಂತಕ್ಕೆ ಅಂತ ಒಂದು ತುಂಡು ನೆಲ ಬಿಟ್ಟಿದ್ದರು, ಸಂಘದ ಭೂಮಿಯಲ್ಲಿ ಹೆಚ್ಚೆಂದರೆ ಶೇ 5. ಜನ ಬದುಕಿದ್ದೇ ಆ ತುಂಡಿನಿಂದ. ಅಲ್ಲಿ ಸೊಪ್ಪು, ಹಂದಿ, ಕೋಳಿ ಎಲ್ಲ ನಳನಳಿಸುತ್ತಿದ್ದವು. ಪಕ್ಕದ ಸಂಘದ ಗದ್ದೆ ಮಾತ್ರ ಬಡವಾಗಿತ್ತು.

ಪಟ್ಟಣದಲ್ಲಿ ರೇಷನ್ ಚೀಟಿ. ಅಕ್ಕಿ, ಮಾಂಸ, ಸೀಮೆಎಣ್ಣೆ, ಬಟ್ಟೆ, ಎಲ್ಲಕ್ಕೂ ಚೀಟಿ. ಹನೋಯ್‌ನ ಹಿರಿಯರು ಈಗಲೂ ಒಂದು ವಿಷಯ ಹೇಳುತ್ತಾರೆ. ಬೆಳಗಿನ ಜಾವ ಅಂಗಡಿ ಮುಂದೆ ಹೋಗಿ ಒಂದು ಇಟ್ಟಿಗೆ ಇಟ್ಟು ಬರುತ್ತಿದ್ದರಂತೆ. ಇಟ್ಟಿಗೆ ಮೇಲೆ ಹೆಸರು. ಅದೇ ಅವರ ಸಾಲಿನ ಜಾಗ. ಅಂಗಡಿ ತೆರೆಯುವ ಹೊತ್ತಿಗೆ ಇಟ್ಟಿಗೆಗಳ ಸಾಲು ಮನುಷ್ಯರ ಸಾಲಾಗುತ್ತಿತ್ತು. ಅಷ್ಟು ಕಾದರೂ ಸಿಗುತ್ತಿದ್ದುದು ಎಷ್ಟೋ ಸಲ ಹುಳ ಬಿದ್ದ ಅಕ್ಕಿ.

ಇದರ ಮೇಲೆ ಇನ್ನೂ ಎರಡು ಯುದ್ಧ ಬಂತು. 1978ರ ಕೊನೆಯಲ್ಲಿ ಸೈನ್ಯ ಕಾಂಬೋಡಿಯಾಕ್ಕೆ ನುಗ್ಗಿ ಅಲ್ಲಿನ ಕ್ರೂರ ಸರ್ವಾಧಿಕಾರಿ ಪೋಲ್ ಪಾಟ್‌ನ ಆಡಳಿತವನ್ನು ಕಿತ್ತೊಗೆಯಿತು. ಅಲ್ಲಿಂದ ಹೊರಬರಲು 1989 ಆಯಿತು. 1979ರ ಫೆಬ್ರವರಿಯಲ್ಲಿ ಚೀನಾ ಉತ್ತರದ ಗಡಿ ದಾಟಿ ಬಂತು. ಅಮೆರಿಕದ ವ್ಯಾಪಾರ ನಿರ್ಬಂಧ ಬೇರೆ. ದಕ್ಷಿಣದಲ್ಲಿ ಹಳೆಯ ಸರ್ಕಾರದ ಪರ ಇದ್ದವರನ್ನು, ಸೈನಿಕರನ್ನು 'ಮರುಶಿಕ್ಷಣ' ಶಿಬಿರಗಳಿಗೆ ಕಳಿಸಿದರು. ಕೆಲವರು ಹತ್ತು ವರ್ಷಕ್ಕೂ ಮೇಲೆ ಒಳಗಿದ್ದರು. ಜನ ದೋಣಿ ಹತ್ತಿ ಓಡಿಹೋದರು. ಸುಮಾರು 8 ಲಕ್ಷ ಮಂದಿ ಬೇರೆ ದೇಶದ ದಡ ಮುಟ್ಟಿದರು. ಸಮುದ್ರದಲ್ಲೇ ಮುಳುಗಿದವರ ಲೆಕ್ಕ ಯಾರ ಹತ್ತಿರವೂ ಇಲ್ಲ. ವಿಯೆಟ್ನಾಂನ ಮ್ಯೂಸಿಯಂಗಳಲ್ಲಿ ಈ ಭಾಗ ನಿಮಗೆ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಹೇಳಿಬಿಡುತ್ತಿದ್ದೇನೆ.

ಹಾಗಾದರೆ ತಿರುವು ಎಲ್ಲಿ? ಪುಸ್ತಕದ ಉತ್ತರ: 1986ರ ಡಿಸೆಂಬರ್, ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನ, 'ದೋಯ್ ಮೋಯ್' (ನವೀಕರಣ) ಎಂಬ, ಮಾರುಕಟ್ಟೆಗೆ ಬಾಗಿಲು ತೆರೆದ ಹೊಸ ನೀತಿ. ಆ ವರ್ಷ ಹಣದುಬ್ಬರ ಶೇ 700 ದಾಟಿತ್ತು, ಬೇರೆ ದಾರಿಯೇ ಇರಲಿಲ್ಲ. ಆದರೆ ನನ್ನ ಉತ್ತರ ಬೇರೆ. ತಿರುವು ಶುರುವಾದದ್ದು ಇಪ್ಪತ್ತು ವರ್ಷ ಮೊದಲು, ಒಂದು ಹಳ್ಳಿಗಾಡಿನ ಪ್ರಾಂತ್ಯದಲ್ಲಿ.

1966ರಲ್ಲಿ ಹನೋಯ್ ಪಕ್ಕದ ವಿನ್ ಫುಕ್ ಎಂಬ ಪ್ರಾಂತ್ಯದಲ್ಲಿ ಕಿಮ್ ನ್ಗೋಕ್ ಅನ್ನುವವರು ಪಕ್ಷದ ಕಾರ್ಯದರ್ಶಿ ಆಗಿದ್ದರು. ಹೆಚ್ಚು ಓದಿದವರಲ್ಲ. ಗದ್ದೆ ಬದುವಿನ ಮೇಲೆ ನಡೆಯುತ್ತಾ ಸಂಘದ ಗದ್ದೆ ಯಾಕೆ ಸೊರಗಿದೆ, ಮನೆಯ ಹಿಂದಿನ ತುಂಡು ಯಾಕೆ ಚಿಗುರಿದೆ ಅಂತ ಕಣ್ಣಾರೆ ಕಂಡವರು. ಅವರು ಗದ್ದೆಗಳನ್ನು ಮನೆಮನೆಗೆ ಗುತ್ತಿಗೆಗೆ ಹಂಚಿದರು. ಇಷ್ಟು ಸಂಘಕ್ಕೆ ಕೊಡು, ಮಿಕ್ಕಿದ್ದು ನಿನ್ನದು. ಅಷ್ಟೇ. ಬೆಳೆ ಏರಿತು. ಆದರೆ ಅದು ಸಿದ್ಧಾಂತಕ್ಕೆ ವಿರುದ್ಧ. 1968ರಲ್ಲಿ ಮೇಲಿನವರು ಅದನ್ನು ನಿಲ್ಲಿಸಿದರು. ತಪ್ಪೊಪ್ಪಿಗೆ ಬರೆಸಿಕೊಂಡರು. 1979ರಲ್ಲಿ ಅವರು ತೀರಿಕೊಂಡಾಗ ಅವರ ಪದ್ಧತಿ ಇನ್ನೂ ನಿಷಿದ್ಧವೇ ಆಗಿತ್ತು.

ಆದರೆ ರೈತರು ಬಿಡಲಿಲ್ಲ. ಕದ್ದು ಮುಚ್ಚಿ ಅಲ್ಲಿ ಇಲ್ಲಿ ಅದೇ ಮಾಡುತ್ತಿದ್ದರು. ವಿಯೆಟ್ನಾಂನವರು ಇದನ್ನು ಬೇಲಿ ಮುರಿಯುವುದು ಅಂತಲೇ ಕರೆಯುತ್ತಾರೆ. ಸೈಗಾನ್ ನಗರದಲ್ಲಿ ಅಕ್ಕಿ ಮುಗಿದಾಗ ಅಲ್ಲಿನ ಪಕ್ಷದ ಮುಖಂಡ ವೋ ವಾನ್ ಕಿಯೆಟ್ ತಮ್ಮ ಜನರನ್ನು ಮೆಕಾಂಗ್ ಬಯಲಿಗೆ ಕಳಿಸಿ, ಸರ್ಕಾರಿ ದರಕ್ಕಿಂತ ಹಲವು ಪಟ್ಟು ಕೊಟ್ಟು ಭತ್ತ ತರಿಸಿದರು. ಕಾನೂನಿಗೆ ವಿರುದ್ಧವಾಗಿಯೇ. ಮುಂದೆ ಅವರೇ ಪ್ರಧಾನಿಯಾದರು. 1981ರಲ್ಲಿ ಸರ್ಕಾರ ಅರೆಮನಸ್ಸಿನಿಂದ ಗುತ್ತಿಗೆ ಒಪ್ಪಿತು. 1988ರ ಏಪ್ರಿಲ್‌ನಲ್ಲಿ ಪೂರ್ತಿ ಒಪ್ಪಿತು. ಭೂಮಿ ಸರ್ಕಾರದ್ದೇ, ಆದರೆ ಉಳುವ ಹಕ್ಕು ಮನೆಯವರದು, ಬೆಳೆಯೂ ಅವರದೇ.

ಮುಂದಿನ ವರ್ಷ ಏನಾಯಿತು ನೋಡಿ. 1988ರ ಶುರುವಿನಲ್ಲಿ ಉತ್ತರದ ಹಳ್ಳಿಗಳಲ್ಲಿ ಜನ ಉಪವಾಸ ಇದ್ದರು. 1989ರಲ್ಲಿ ಅದೇ ದೇಶ ಸುಮಾರು 14 ಲಕ್ಷ ಟನ್ ಅಕ್ಕಿ ಹೊರದೇಶಕ್ಕೆ ಮಾರಿತು. ಹೊಸ ಅಣೆಕಟ್ಟು ಬರಲಿಲ್ಲ, ಹೊಸ ಬೀಜದ ಪವಾಡವೂ ಅಲ್ಲ. ಅದೇ ಗದ್ದೆ, ಅದೇ ಕೈ. ಆ ಕೈಯವರಿಗೆ ಬೆಳೆ ಬಿಟ್ಟುಕೊಟ್ಟರು, ಮತ್ತು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಅಕ್ಕಿ ಹೋಗದ ಹಾಗೆ ತಡೆಯುತ್ತಿದ್ದ ಗೇಟುಗಳನ್ನು ತೆಗೆದರು. ವಿಯೆಟ್ನಾಂ ಎದ್ದು ನಿಂತದ್ದು ಹೇಗೆ ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಈ ಒಂದು ವರ್ಷವನ್ನೇ. ಫ್ಯಾಕ್ಟರಿಗಳೆಲ್ಲ ಆಮೇಲೆ ಬಂದವು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 1994ರಲ್ಲಿ ಅಮೆರಿಕ ನಿರ್ಬಂಧ ತೆಗೆಯಿತು. 1995ರ ಜುಲೈನಲ್ಲಿ ಎರಡೂ ದೇಶ ರಾಯಭಾರ ಸಂಬಂಧ ಬೆಳೆಸಿದವು, ಅದೇ ತಿಂಗಳು ವಿಯೆಟ್ನಾಂ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟ ಸೇರಿತು. 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ. ಸ್ಯಾಮ್‌ಸಂಗ್ ಹನೋಯ್ ಹತ್ತಿರದ ಬಾಕ್ ನಿನ್‌ನಲ್ಲಿ ಫೋನ್ ಕಾರ್ಖಾನೆ ಹಾಕಿತು. 1993ರಲ್ಲಿ ಸುಮಾರು ಶೇ 58 ಜನ ಬಡತನದಲ್ಲಿದ್ದರು. ಆ ಸಂಖ್ಯೆ ಈಗ ಒಂದಂಕಿಗೆ ಇಳಿದಿದೆ.

ನಿಮ್ಮ ಕಡೆಯ ತೋಟದವರಿಗೆ ವಿಯೆಟ್ನಾಂ ಹೆಸರು ಇನ್ನೊಂದು ಕಾರಣಕ್ಕೆ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? 1980ರ ದಶಕದ ಕೊನೆಯವರೆಗೂ ಅವರ ಕಾಫಿ ಲೆಕ್ಕಕ್ಕೇ ಇರಲಿಲ್ಲ. ಹತ್ತೇ ವರ್ಷದಲ್ಲಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದರು. ಬಹುಪಾಲು ರೊಬಸ್ಟಾ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಅನುಭವಿಸಿದ ಕಷ್ಟಕ್ಕೆ ಆ ಫಸಲೂ ಒಂದು ಕಾರಣ. ಕಾಳುಮೆಣಸಿನಲ್ಲೂ ಅವರೇ ಈಗ ಜಗತ್ತಿಗೆ ಮುಂದು. ಇದಕ್ಕೆ ಬೆಲೆ ತೆತ್ತದ್ದು ಅವರ ಮಧ್ಯ ಪ್ರಸ್ಥಭೂಮಿಯ ಕಾಡು. ಅಲ್ಲಿನ ಬುಡಕಟ್ಟು ಜನರ ಜಮೀನೂ ಬಯಲಿನಿಂದ ಬಂದವರ ಕೈ ಸೇರಿತು. ಏಳಿಗೆಯ ಕಥೆ ಹೇಳುವಾಗ ಇದನ್ನು ಬಿಟ್ಟರೆ ಅರ್ಧ ಹೇಳಿದ ಹಾಗೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಸತ್ತವರ ಜಾಗಕ್ಕೆ ನೋಡಲು ಹೋಗಬಹುದಾ?

ನೀವು ಇದನ್ನು ಕೇಳಿದ್ದೇ ನನಗೆ ಸಂತೋಷ. ವಿಯೆಟ್ನಾಂ ಸರ್ಕಾರದ ಲೆಕ್ಕದ ಪ್ರಕಾರವೇ ಆ ಯುದ್ಧದಲ್ಲಿ ಸತ್ತವರು ಸುಮಾರು 30 ಲಕ್ಷ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಸೇರಿ 70 ಲಕ್ಷ ಟನ್‌ಗೂ ಹೆಚ್ಚು ಬಾಂಬು ಬಿತ್ತು. ನನ್ನ ಉತ್ತರ: ಹೋಗಬಹುದು, ಹೋಗಬೇಕು. ಆದರೆ ಎಲ್ಲ ಜಾಗವೂ ಒಂದೇ ಅಲ್ಲ.

ಸೈಗಾನ್ ಹತ್ತಿರದ ಕು ಚಿ ಸುರಂಗಕ್ಕೆ ಎಲ್ಲರೂ ಹೋಗುತ್ತಾರೆ. ಸುರಂಗ ನಿಜವಾಗಿಯೂ ದೊಡ್ಡ ಸಾಹಸ. ಆದರೆ ಅಲ್ಲಿ ಪಕ್ಕದಲ್ಲೇ ದುಡ್ಡು ಕೊಟ್ಟು ನಿಜವಾದ ಬಂದೂಕು ಹಾರಿಸುವ ವ್ಯವಸ್ಥೆ ಇದೆ. ಮಣ್ಣೊಳಗೆ ಜನ ಬದುಕಿದ್ದ ಕಥೆ ಕೇಳುತ್ತಿರುವಾಗ ಮೇಲೆ ಗುಂಡಿನ ಸದ್ದು. ನನಗೆ ಅದು ಸರಿ ಕಾಣುವುದಿಲ್ಲ. ಜೊತೆಗೆ ಅಲ್ಲಿ ತೆವಳಬೇಕು, ಮಂಡಿ ನೋವಿದ್ದರೆ ಕಷ್ಟ.

ಅದರ ಬದಲು ಮಧ್ಯ ಭಾಗದ ಕ್ವಾಂಗ್ ಟ್ರಿ ಪ್ರಾಂತ್ಯದ ವಿನ್ ಮೋಕ್‌ಗೆ ಹೋಗಿ. ಅದು ಮೀನುಗಾರರ ಹಳ್ಳಿ. ಮೇಲೆ ಬಾಂಬು ನಿಲ್ಲದಿದ್ದಾಗ 1966ರಲ್ಲಿ ಊರಿನವರು ಕೆಂಪು ಮಣ್ಣು ಕೊರೆದು ನೆಲದೊಳಗೆ ಇಳಿದರು. ಮೂರು ಅಂತಸ್ತು. ಸ್ವಲ್ಪ ಬಗ್ಗಿದರೆ ನಡೆದೇ ಹೋಗಬಹುದು. ಗೋಡೆಯಲ್ಲಿ ಒಂದೊಂದು ಸಂಸಾರಕ್ಕೆ ಒಂದೊಂದು ಗೂಡು. ಗೂಡು ಅಂದರೆ ನಾಲ್ಕು ಜನ ಮುದುಡಿ ಕೂರುವಷ್ಟು. ಒಳಗೇ ಬಾವಿ, ಅಡುಗೆ ಜಾಗ, ಸಭೆ ಸೇರುವ ಕೋಣೆ. ಒಂದು ಗೂಡು ಹೆರಿಗೆಗೆ. ಅಲ್ಲಿ 17 ಮಕ್ಕಳು ಹುಟ್ಟಿದರು. ಸುರಂಗದ ಕೆಲವು ಬಾಯಿಗಳು ನೇರ ಸಮುದ್ರದ ದಂಡೆಗೆ ತೆರೆದುಕೊಳ್ಳುತ್ತವೆ. ಕತ್ತಲೆಯಿಂದ ಹೊರಗೆ ಬಂದರೆ ಎದುರಿಗೇ ಅಲೆ. ಊರು ಈಗಲೂ ಅಲ್ಲೇ ಇದೆ. ಜನ ಮೀನು ಹಿಡಿಯುತ್ತಿದ್ದಾರೆ.

ಅಲ್ಲಿಂದ ಸ್ವಲ್ಪ ದೂರ ಬೆನ್ ಹಾಯ್ ನದಿ, ಅದರ ಮೇಲೆ ಹಿಯೆನ್ ಲುವಾಂಗ್ ಸೇತುವೆ. 1954ರ ಜಿನೀವಾ ಒಪ್ಪಂದ ದೇಶವನ್ನು ಕತ್ತರಿಸಿದ್ದು ಇಲ್ಲೇ. ಎರಡು ವರ್ಷದಲ್ಲಿ ಚುನಾವಣೆ ನಡೆದು ಮತ್ತೆ ಒಂದಾಗಬೇಕಿತ್ತು. ಚುನಾವಣೆ ನಡೆಯಲೇ ಇಲ್ಲ. ಒಪ್ಪಂದ ಪಾಲನೆ ನೋಡಿಕೊಳ್ಳಲು ಮೂರು ದೇಶಗಳ ಆಯೋಗ ಇತ್ತು: ಭಾರತ, ಪೋಲೆಂಡ್, ಕೆನಡಾ. ಅಧ್ಯಕ್ಷತೆ ಭಾರತದ್ದು. ನಮ್ಮ ದೇಶದ ಅಧಿಕಾರಿಗಳು, ಸೈನಿಕರು ಆ ದಿನಗಳಲ್ಲಿ ಇಲ್ಲಿ ಓಡಾಡಿದ್ದರು ಅನ್ನುವುದು ಈಗ ಹೆಚ್ಚಿನವರಿಗೆ ನೆನಪಿಲ್ಲ. ಸೇತುವೆಗೆ ಒಂದು ಅರ್ಧ ನೀಲಿ, ಇನ್ನೊಂದು ಅರ್ಧ ಹಳದಿ ಬಣ್ಣ. ನಡುವಿನ ಗೆರೆ ದಾಟಲು ಒಂದು ಹೆಜ್ಜೆ ಸಾಕು. ಅಣ್ಣ ಈ ದಡ, ತಂಗಿ ಆ ದಡ ಅನ್ನುವ ಹಾಗೆ ಸಂಸಾರಗಳು ಇಪ್ಪತ್ತು ವರ್ಷ ದೂರವಾಗಿದ್ದವು.

ಹತ್ತಿರದಲ್ಲೇ ಟ್ರುವಾಂಗ್ ಸನ್ ರಾಷ್ಟ್ರೀಯ ಸ್ಮಶಾನ. ಹತ್ತು ಸಾವಿರಕ್ಕೂ ಹೆಚ್ಚು ಗೋರಿ. ಕೆಲವು ಕಲ್ಲುಗಳ ಮೇಲೆ ಹೆಸರೇ ಇಲ್ಲ. ಲಕ್ಷಾಂತರ ಸೈನಿಕರ ಮೂಳೆ ಇನ್ನೂ ಸಿಕ್ಕಿಲ್ಲ, ಸಿಕ್ಕವರಲ್ಲಿ ಎಷ್ಟೋ ಜನರ ಗುರುತು ಹತ್ತಿಲ್ಲ. ಮನೆಯವರು ಬಂದು ತಮ್ಮವನಿರಬಹುದು ಅಂತ ಹೆಸರಿಲ್ಲದ ಕಲ್ಲಿಗೂ ಊದುಬತ್ತಿ ಹಚ್ಚುತ್ತಾರೆ. ನೀವೂ ಹಚ್ಚಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಒಂದು ನೆನಪಿಡಿ. ಇಲ್ಲಿ ಮಲಗಿರುವವರು ಗೆದ್ದ ಪಕ್ಷದವರು. ಸೋತ ದಕ್ಷಿಣದ ಸೈನಿಕರಿಗೆ ಹೀಗೆ ರಾಷ್ಟ್ರೀಯ ಸ್ಮಾರಕ ಇಲ್ಲ. ಅಮೆರಿಕದ ಜೊತೆ ರಾಜಿ ಆದಷ್ಟು ಸಲೀಸಾಗಿ ಅವರವರ ನಡುವಿನ ರಾಜಿ ಇನ್ನೂ ಆಗಿಲ್ಲ. ಹೊರಗಿನ ಶತ್ರುವಿಗಿಂತ ಮನೆಯೊಳಗಿನ ಜಗಳ ಮರೆಯುವುದು ಕಷ್ಟ.

ಇಲ್ಲಿ ನೀವು ಬಿಡಲೇಬಾರದ ಜಾಗ ಡಾಂಗ್ ಹಾ ಪಟ್ಟಣದಲ್ಲಿರುವ ಬಾಂಬು ತೆರವು ಕೇಂದ್ರ. ಪ್ರಾಜೆಕ್ಟ್ ರಿನ್ಯೂ ಎಂಬ ಸಂಸ್ಥೆಯದು. 2001ರಲ್ಲಿ ಶುರುವಾಯಿತು. ಕಟ್ಟಿದವರಲ್ಲಿ ಅಮೆರಿಕದ ಮಾಜಿ ಸೈನಿಕರೂ ಇದ್ದಾರೆ. ಅಂದು ಬಿದ್ದ ಬಾಂಬುಗಳಲ್ಲಿ ಒಂದು ಪಾಲು ಸಿಡಿಯದೆ ಮಣ್ಣಿನಲ್ಲೇ ಉಳಿಯಿತು. 1975ರ ನಂತರವೂ ದೇಶದಲ್ಲಿ ಹತ್ತಾರು ಸಾವಿರ ಜನ ಇವುಗಳಿಂದ ಸತ್ತಿದ್ದಾರೆ. ಗದ್ದೆ ಅಗೆಯುವವರು, ಗುಜರಿ ಕಬ್ಬಿಣ ಆಯುವವರು, ಆಡುವ ಮಕ್ಕಳು. ಈ ಕೇಂದ್ರಕ್ಕೆ ಶಾಲಾ ಮಕ್ಕಳು ಬರುತ್ತಾರೆ. ಕ್ಲಸ್ಟರ್ ಬಾಂಬು ಅಂದರೆ ಒಂದರೊಳಗೆ ಹಲವು ಸಣ್ಣ ಬಾಂಬು ತುಂಬಿದ್ದು. ಅದರ ಮರಿ ಟೆನಿಸ್ ಚೆಂಡಿನಷ್ಟು ಇರುತ್ತದೆ, ಮಗುವಿನ ಕಣ್ಣಿಗೆ ಆಟಿಕೆ. ಮುಟ್ಟಬೇಡ, ಹತ್ತಿರ ಹೋಗಬೇಡ, ದೊಡ್ಡವರಿಗೆ ಹೇಳು ಅಂತ ಅಲ್ಲಿ ಕಲಿಸುತ್ತಾರೆ. ಸಿಡಿಸುವ ತಂಡಗಳಲ್ಲಿ ಊರಿನ ಹೆಂಗಸರೂ ಇದ್ದಾರೆ. ನೀವು ಶಿಕ್ಷಕಿ, ನಿಮಗೆ ಆ ಕೋಣೆಯಲ್ಲಿ ಜಾಸ್ತಿ ಹೊತ್ತು ಬೇಕಾಗಬಹುದು.

ವಿಷದ ಕಥೆಯೂ ಇನ್ನೂ ಮುಗಿದಿಲ್ಲ. 1961ರಿಂದ 1971ರವರೆಗೆ ಅಮೆರಿಕ ಕಾಡಿನ ಎಲೆ ಉದುರಿಸಲು ಸಸ್ಯನಾಶಕಗಳನ್ನು ಸಿಂಪಡಿಸಿತು. ಅವುಗಳಲ್ಲಿ ಮುಖ್ಯವಾದ ಏಜೆಂಟ್ ಆರೆಂಜ್‌ನಲ್ಲಿ ಡಯಾಕ್ಸಿನ್ ಎಂಬ ವಿಷ ಇತ್ತು. ಡಾ ನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು ದೊಡ್ಡ ಒಲೆಯಂಥ ರಚನೆಯಲ್ಲಿ ಕಾಯಿಸಿ ಶುದ್ಧ ಮಾಡಿದರು. 2012ರಿಂದ 2018ರವರೆಗೆ ಆ ಕೆಲಸ ನಡೆಯಿತು, ಅಮೆರಿಕವೇ ದುಡ್ಡು ಕೊಟ್ಟಿತು. ನೀವು ಇಳಿಯುವುದು ಅದೇ ನಿಲ್ದಾಣದಲ್ಲಿ. ಬಿಯೆನ್ ಹೋವಾ ಎಂಬಲ್ಲಿ ಅದಕ್ಕಿಂತ ದೊಡ್ಡ ಕೆಲಸ 2019ರಲ್ಲಿ ಶುರುವಾಗಿದೆ.

ಇನ್ನು ಸ್ವಲ್ಪ ಉತ್ತರಕ್ಕೆ ಹೋದರೆ ಫಾಂಗ್ ನ್ಯಾ. ನನ್ನ ಮಟ್ಟಿಗೆ ಇಡೀ ದೇಶದಲ್ಲಿ ಇದೇ ಮೊದಲು. ಸುಣ್ಣಕಲ್ಲಿನ ಬೆಟ್ಟ, ಹಸಿರು ನದಿ, ಎಮ್ಮೆ, ಗದ್ದೆ. ಯುದ್ಧ ಕಾಲದಲ್ಲಿ ಉತ್ತರದವರು ಸೈನಿಕರನ್ನು, ಸಾಮಾನನ್ನು ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿ ಇಲ್ಲೇ ಹಾದು ದಕ್ಷಿಣಕ್ಕೆ ಹೋಗುತ್ತಿತ್ತು. ಅದಕ್ಕೇ ಇಲ್ಲಿ ಬಾಂಬಿನ ಸುರಿಮಳೆ. ಗುಹೆಗಳಲ್ಲಿ ಮದ್ದುಗುಂಡು ಬಚ್ಚಿಡುತ್ತಿದ್ದರು. ದೋಣಿಯಲ್ಲಿ ಗುಹೆಯ ಬಾಯಿ ತಲುಪಿದ ಕೂಡಲೇ ಮೋಟಾರು ನಿಲ್ಲಿಸಿ ಹುಟ್ಟು ಹಾಕುತ್ತಾರೆ. ಆಮೇಲೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ದೋಣಿ ನಡೆಸುವವರು ಸುತ್ತಲ ಊರಿನ ಮನೆಯವರೇ, ಬಹಳಷ್ಟು ಹೆಂಗಸರು. ಕಾಡೊಳಗಿನ ರಸ್ತೆಯ ಬದಿಯಲ್ಲಿ ಇನ್ನೊಂದು ಗುಹೆ ಇದೆ. 1972ರಲ್ಲಿ ಬಾಂಬಿಗೆ ಬಂಡೆ ಉರುಳಿ ಬಾಯಿ ಮುಚ್ಚಿ, ಒಳಗಿದ್ದ ಎಂಟು ಯುವಕ ಯುವತಿಯರು ಸಿಕ್ಕಿಹಾಕಿಕೊಂಡು ಸತ್ತರು. ಬಂಡೆ ಸರಿಸಲು ಆಗಲಿಲ್ಲ. ಈಗ ಅದು ಗುಡಿ.

ಜಗತ್ತಿನ ಅತಿ ದೊಡ್ಡ ಗುಹೆ ಸನ್ ಡೂಂಗ್ ಇರುವುದೂ ಈ ಕಾಡಿನಲ್ಲೇ. ಅದನ್ನು ಕಂಡವರು ಇಲ್ಲಿನ ಬಡ ಯುವಕ ಹೋ ಖಾನ್. ಅಗರು ಮರ ಹುಡುಕುತ್ತಾ ಕಾಡು ಅಲೆಯುತ್ತಿದ್ದರು. 1990ರ ಸುಮಾರಿಗೆ ಮಳೆಗೆ ಆಸರೆ ಹುಡುಕುವಾಗ ಒಂದು ದೊಡ್ಡ ಬಾಯಿ ಕಂಡಿತು. ಒಳಗಿಂದ ಗಾಳಿ ಮತ್ತು ನೀರಿನ ಭೋರ್ಗರೆತ. ಆಮೇಲೆ ಆ ದಾರಿ ಮರೆತೇ ಹೋಯಿತು. ವರ್ಷಗಟ್ಟಲೆ ಹುಡುಕಿ 2008ರಲ್ಲಿ ಮತ್ತೆ ಕಂಡುಹಿಡಿದರು. 2009ರಲ್ಲಿ ಬ್ರಿಟಿಷ್ ಗುಹಾ ತಜ್ಞರನ್ನು ಕರೆದುಕೊಂಡು ಹೋದರು. ಈಗ ವರ್ಷಕ್ಕೆ ಸುಮಾರು ಸಾವಿರ ಜನರಿಗೆ ಮಾತ್ರ ಪ್ರವೇಶ, ಖರ್ಚು ತಲೆಗೆ 3,000 ಡಾಲರ್ ಹತ್ತಿರ. ನಿಮಗೆ ಅದು ಬೇಡ. ಆದರೆ ಅದರಿಂದ ಊರಿಗೆ ಏನಾಯಿತು ಅನ್ನುವುದು ನೋಡಬೇಕಾದ್ದು. ಮೊದಲು ಕದ್ದು ಮರ ಕಡಿಯಲು ಕಾಡಿಗೆ ಹೋಗುತ್ತಿದ್ದವರು ಈಗ ಅದೇ ಕಾಡಿಗೆ ಪೋರ್ಟರ್, ಅಡುಗೆಯವರು, ಗೈಡ್ ಆಗಿ ಹೋಗುತ್ತಾರೆ. ಮರ ಉಳಿದರೇ ಅವರಿಗೆ ಊಟ.

ಅದೇ ಭಾಗದ ತಾನ್ ಹೋವಾ ಹಳ್ಳಿಯಲ್ಲಿ ಒಂದು ರಾತ್ರಿ ಉಳಿಯಿರಿ. ಸುತ್ತ ಬೆಟ್ಟ, ಮಳೆಗಾಲದಲ್ಲಿ ನೀರು ಹೊರಹೋಗಲು ಜಾಗವೇ ಇಲ್ಲ. 2010ರ ಪ್ರವಾಹದಲ್ಲಿ ಜನ ಬಂಡೆ ಹತ್ತಿ ಜೀವ ಉಳಿಸಿಕೊಂಡರು. ಆಮೇಲೆ ಖಾಲಿ ಡ್ರಮ್ಮುಗಳ ಮೇಲೆ ಮರದ ಮನೆ ಕಟ್ಟಿದರು. ನಾಲ್ಕು ಮೂಲೆಗೆ ಕಂಬ, ಮನೆ ಕಂಬ ಹಿಡಿದು ಮೇಲೇರುತ್ತದೆ. ನೀರು ಬಂದರೆ ಅಕ್ಕಿ, ಟಿವಿ, ಬೈಕು, ಅಜ್ಜಿ ಎಲ್ಲರೂ ತೇಲುವ ಮನೆಗೆ. ನೀರು ಇಳಿದರೆ ಮನೆಯೂ ಇಳಿಯುತ್ತದೆ. 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಇದನ್ನು ಉತ್ತಮ ಪ್ರವಾಸಿ ಗ್ರಾಮಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಮನೆಯವರೊಂದಿಗೇ ಊಟ, ವಾಸ.

ಹುಯೆ ಬಗ್ಗೆ ಸ್ವಲ್ಪ ಹೇಳಬೇಕು. ಕೊನೆಯ ರಾಜವಂಶದ ರಾಜಧಾನಿ. 1968ರಲ್ಲಿ ಟೆಟ್ ಎಂಬ ಹೊಸ ವರ್ಷದ ಹಬ್ಬದ ಹೊತ್ತಿಗೆ ಇಲ್ಲಿ ವಾರಗಟ್ಟಲೆ ಬೀದಿ ಬೀದಿಯಲ್ಲಿ ಕಾದಾಟ ನಡೆಯಿತು. ಕೋಟೆಯೊಳಗಿನ ಅರಮನೆಗಳು ಬಹುಪಾಲು ಬೂದಿ. ಉತ್ತರದ ಪಡೆ ಊರು ಹಿಡಿದಿದ್ದಾಗ ಊರಿನ ಸಾವಿರಾರು ಜನರನ್ನು ಕೊಂದದ್ದೂ ಇಲ್ಲೇ. ಆ ವಿಷಯ ಯಾವ ಫಲಕದಲ್ಲೂ ಇಲ್ಲ. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಬಂತು. ಅಂದಿನಿಂದ ಒಂದೊಂದೇ ಕಟ್ಟಡ ಎಬ್ಬಿಸುತ್ತಿದ್ದಾರೆ. 1947ರಲ್ಲಿ ನೆಲಸಮವಾಗಿದ್ದ ಕಿಯೆನ್ ಟ್ರುಂಗ್ ಅರಮನೆಯನ್ನು ಹಳೆಯ ಫೋಟೋ ನೋಡಿ ಮತ್ತೆ ಕಟ್ಟಿ 2024ರಲ್ಲಿ ತೆರೆದರು. ಹೊರಗೋಡೆಯ ತುಂಬ ಪಿಂಗಾಣಿ ಚೂರಿನ ಕೆಲಸ. ತೀರಾ ಹೊಸದಾಗಿ ಹೊಳೆಯುತ್ತಿದೆ ಅಂತ ಕೆಲವರಿಗೆ ಬೇಸರ. ಆದರೆ ಆ ಪಿಂಗಾಣಿ ಕೆಲಸ ಮಾಡುವ ಕೈಗಳು ಅಲ್ಲಿ ಇನ್ನೂ ಇವೆ, ಅವರಿಗೆ ಕೆಲಸ ಇದೆ. ನನಗೆ ಅದು ದೊಡ್ಡದು.

ನಿಮಗೆ ಹತ್ತಿರ ಅನಿಸುವ ಜಾಗ ಮಿ ಸನ್. ಡಾ ನಾಂಗ್ ಹತ್ತಿರದ ಹಳೆಯ ಬಂದರು ಪಟ್ಟಣ ಹೋಯ್ ಆನ್‌ನಿಂದ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ಹಿಂದೆ ಈ ಭಾಗವನ್ನು ಆಳಿದ ಚಂಪಾ ರಾಜರ ಶಿವಾಲಯಗಳು, ಇಟ್ಟಿಗೆಯವು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಎಂಬ ರಾಜ ಇಲ್ಲಿ ಭದ್ರೇಶ್ವರನನ್ನು ಪ್ರತಿಷ್ಠೆ ಮಾಡಿದ. ಶಾಸನ ಸಂಸ್ಕೃತದಲ್ಲಿ, ಲಿಪಿ ದಕ್ಷಿಣ ಭಾರತದಿಂದ ಹೋದದ್ದು. ಸಾವಿರಕ್ಕೂ ಹೆಚ್ಚು ವರ್ಷ ನಿಂತ ಗುಡಿಗಳ ಮೇಲೆ 1969ರಲ್ಲಿ ಅಮೆರಿಕದ ಬಿ-52 ವಿಮಾನಗಳು ಬಾಂಬು ಸುರಿದವು. ಎಲ್ಲಕ್ಕಿಂತ ಚೆಂದದ ಗೋಪುರ ಅವತ್ತೇ ಹೋಯಿತು. ಗುಡಿಗಳ ನಡುವೆ ದುಂಡನೆಯ ಗುಂಡಿಗಳು ಕಾಣುತ್ತವೆ, ಹುಲ್ಲು ಬೆಳೆದಿದೆ. ಕಲ್ಯಾಣಿ ಅಂದುಕೊಳ್ಳಬೇಡಿ, ಬಾಂಬು ಬಿದ್ದ ಗುರುತು. 1980ರ ದಶಕದಲ್ಲಿ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮೀರ್ ಕ್ವಿಯಾಟ್ಕೋವ್‌ಸ್ಕಿ ಇಲ್ಲಿ ಬೀಡು ಬಿಟ್ಟು, ಬಿದ್ದದ್ದನ್ನು ಎತ್ತಿ ನಿಲ್ಲಿಸುವ ಕೆಲಸ ಮಾಡಿದರು. ಹೋಯ್ ಆನ್‌ನ ಹಳೆ ಮನೆಗಳನ್ನು ಕೆಡವಬೇಡಿ ಅಂತ ಊರಿನವರಿಗೆ ಹೇಳಿ ಒಪ್ಪಿಸಿದವರಲ್ಲೂ ಅವರೇ ಮುಂದು. 1997ರಲ್ಲಿ ಹುಯೆಯಲ್ಲಿ ಕೆಲಸದ ನಡುವೆಯೇ ತೀರಿಕೊಂಡರು. ಎರಡು ವರ್ಷಕ್ಕೆ ಮಿ ಸನ್, ಹೋಯ್ ಆನ್ ಎರಡೂ ಯುನೆಸ್ಕೋ ಪಟ್ಟಿ ಸೇರಿದವು. 2017ರಿಂದ 2022ರವರೆಗೆ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಇಲ್ಲಿ ಮೂರು ಗುಂಪಿನ ಗುಡಿಗಳನ್ನು ಸರಿಮಾಡಿದರು. 2020ರಲ್ಲಿ ಮಣ್ಣು ತೆಗೆಯುವಾಗ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು, ಒಂಬತ್ತನೇ ಶತಮಾನದ್ದು. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆಯ ಮೇಲೆ ಬಿಸಿಲು, ಬಸ್ಸು ಎರಡೂ ಜಾಸ್ತಿ.

ಈಗ ನಿಮ್ಮ ಹತ್ತು ದಿನ. ಡಾ ನಾಂಗ್‌ಗೆ ವಿಮಾನ, ಹೋಯ್ ಆನ್‌ನಲ್ಲಿ ಮೂರು ರಾತ್ರಿ, ಅದರಲ್ಲೇ ಮಿ ಸನ್. ಡಾ ನಾಂಗ್‌ನಿಂದ ಹುಯೆಗೆ ರೈಲಿನಲ್ಲೇ ಹೋಗಿ. ಹಾಯ್ ವಾನ್ ಘಾಟಿನಲ್ಲಿ ಹಳಿ ಸಮುದ್ರದ ಪಕ್ಕದ ಬೆಟ್ಟಕ್ಕೆ ಅಂಟಿಕೊಂಡು ಹೋಗುತ್ತದೆ. ಉತ್ತರಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಹುಯೆಯಲ್ಲಿ ಎರಡು ರಾತ್ರಿ. ಮುಂದೆ ಒಂದು ಕಾರು ಮಾಡಿಕೊಂಡು ಕ್ವಾಂಗ್ ಟ್ರಿಯ ಜಾಗಗಳನ್ನು ನೋಡುತ್ತಾ ಸಂಜೆಗೆ ಫಾಂಗ್ ನ್ಯಾ. ಅಲ್ಲಿ ಎರಡು ರಾತ್ರಿ, ತಾನ್ ಹೋವಾದಲ್ಲಿ ಒಂದು. ಫಾಂಗ್ ನ್ಯಾ ಹತ್ತಿರದ ಡಾಂಗ್ ಹೋಯ್ ನಗರದಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಹನೋಯ್. ಉಳಿದ ಸಮಯ ಅಲ್ಲಿ. ಹನೋಯ್‌ನಲ್ಲಿ ಲಾಂಗ್ ಬಿಯೆನ್ ಸೇತುವೆ ಮೇಲೆ ನಡೆಯಿರಿ. 1902ರದು, ಬಾಂಬು ಬಿದ್ದು ಬಿದ್ದು ಎದ್ದದ್ದು. ಕಮಾನು ಇರುವ ಭಾಗ ಹಳೆಯದು, ಕಮಾನು ಇಲ್ಲದ ಭಾಗ ಬಾಂಬಿಗೆ ಹೋಗಿ ರಿಪೇರಿ ಆದದ್ದು. ರೈಲು ಇನ್ನೂ ಅದರ ಮೇಲೆ ಓಡುತ್ತದೆ.

ಊಟದ ಚಿಂತೆ ಬೇಡ. 'ಚಾಯ್' ಅಂತ ಬೋರ್ಡ್ ಇರುವ ಹೋಟೆಲು ಹುಡುಕಿ. ಅದು ಬೌದ್ಧರ ಸಸ್ಯಾಹಾರ. ಹುಯೆಯಲ್ಲಂತೂ ಅದೊಂದು ದೊಡ್ಡ ಕಲೆ. ಅಮಾವಾಸ್ಯೆಯ ಮರುದಿನ ಮತ್ತು ಹುಣ್ಣಿಮೆಗೆ ಅಲ್ಲಿನ ಬಹಳ ಜನ ಸಸ್ಯಾಹಾರವನ್ನೇ ಮಾಡುತ್ತಾರೆ. ಬೇರೆ ಹೋಟೆಲಲ್ಲಿ ಬರೀ ತರಕಾರಿ ಅಂದರೆ ಸಾಲದು, ಮೀನಿನ ಸಾಸ್ ಬೇಡ ಅಂತ ಬರೆಸಿಕೊಂಡು ತೋರಿಸಿ. ಕಾಫಿಗೆ ಅವರ ಫಿನ್ ನಮ್ಮ ಫಿಲ್ಟರಿನ ತಮ್ಮನ ಹಾಗೆ, ಲೋಟದ ಮೇಲೆ ಕೂತು ತೊಟ್ಟು ತೊಟ್ಟು ಇಳಿಸುತ್ತದೆ. ಹನೋಯ್‌ನ ಮೊಟ್ಟೆ ಕಾಫಿ 1946ರ ಸುಮಾರಿಗೆ ಹಾಲು ಸಿಗದ ದಿನಗಳಲ್ಲಿ ಹುಟ್ಟಿದ್ದು. ಮೊಟ್ಟೆ ತಿನ್ನದಿದ್ದರೆ ತೆಂಗಿನ ಹಾಲಿನ ಕಾಫಿ ಕೇಳಿ.

ಮಧ್ಯ ಭಾಗಕ್ಕೆ ಫೆಬ್ರವರಿ ಕೊನೆಯಿಂದ ಮೇವರೆಗೆ ಒಳ್ಳೆಯ ಕಾಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಬೇಡವೇ ಬೇಡ. ಪ್ರವಾಹ ಬರುತ್ತದೆ, ಗುಹೆ ಮುಚ್ಚುತ್ತಾರೆ. ಟೆಟ್ ಹಬ್ಬದ ವಾರವೂ ಬೇಡ, ಅಂಗಡಿ ಮುಚ್ಚಿರುತ್ತದೆ, ರೈಲು ತುಂಬಿರುತ್ತದೆ. 2023ರ ಆಗಸ್ಟ್‌ನಿಂದ ಇ-ವೀಸಾ 90 ದಿನಕ್ಕೆ ಸಿಗುತ್ತಿದೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರಿ ವೆಬ್‌ಸೈಟಿನಲ್ಲೇ ಹಾಕಿ, ಅದೇ ಹೆಸರಿನ ನಕಲಿಗಳು ಬಹಳ. 2024ರಲ್ಲಿ ಭಾರತದಿಂದ ಸುಮಾರು 5 ಲಕ್ಷ ಜನ ಹೋಗಿದ್ದರು, ಹಾಗಾಗಿ ಹೋಟೆಲಿನವರಿಗೆ ನಮ್ಮವರ ಅಭ್ಯಾಸ ಗೊತ್ತು.

ಮಗನಿಗೆ ಎರಡು ವಿಷಯ ಹೇಳಿ. ಒಂದು, 2025ರ ಜುಲೈನಲ್ಲಿ ಅಲ್ಲಿನ ಪ್ರಾಂತ್ಯಗಳನ್ನು ಸೇರಿಸಿ 63ರಿಂದ 34ಕ್ಕೆ ಇಳಿಸಿದ್ದಾರೆ. ಹೋಯ್ ಆನ್, ಮಿ ಸನ್ ಈಗ ಡಾ ನಾಂಗ್‌ಗೆ ಸೇರಿವೆ, ಫಾಂಗ್ ನ್ಯಾ ಇದ್ದ ಕ್ವಾಂಗ್ ಬಿನ್ ಈಗ ಕ್ವಾಂಗ್ ಟ್ರಿಯ ಭಾಗ. ಹಳೆ ವಿಳಾಸ, ಹೊಸ ವಿಳಾಸ ಎರಡೂ ಓಡಾಡುತ್ತಿವೆ, ಬುಕ್ ಮಾಡುವಾಗ ಗೊಂದಲ ಆಗುತ್ತದೆ. ಎರಡು, ಕ್ವಾಂಗ್ ಟ್ರಿಯಲ್ಲಿ, ಫಾಂಗ್ ನ್ಯಾ ಕಾಡಿನಲ್ಲಿ ಫೋಟೋಗೆ ಅಂತ ದಾರಿ ಬಿಟ್ಟು ಪೊದೆಯೊಳಗೆ ಕಾಲಿಡಬಾರದು, ತುಕ್ಕು ಹಿಡಿದ ಕಬ್ಬಿಣ ಏನೇ ಕಂಡರೂ ಮುಟ್ಟಬಾರದು. ಜನ ಓಡಾಡುವ ದಾರಿಗಳು ಸುರಕ್ಷಿತ, ಗೈಡ್ ಹೆಜ್ಜೆ ಇಟ್ಟಲ್ಲೇ ಇಟ್ಟರೆ ಭಯ ಇಲ್ಲ. ಡಾಂಗ್ ಹಾ ಕೇಂದ್ರಕ್ಕೆ ಮೊದಲೇ ಬರೆದು ದಿನ ಗೊತ್ತು ಮಾಡಿಕೊಂಡು ಹೋಗಿ.